ನಿಮ್ಮ ಫೋನ್ ಎಷ್ಟು ವರ್ಷ ಬರುತ್ತದೆ?

ಬೆಂಗಳೂರಿನ ಜಯನಗರದಲ್ಲಿ ಕನ್ನಡ ಓದುಗರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಫೋನ್ ಬಗ್ಗೆ ಮಾತಾಡುತ್ತೇನೆ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಈಗ ಯಾವುದು ಚೆನ್ನಾಗಿದೆ, ಯಾವುದು ತಗೊಳ್ಳಲಿ? ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಈಗ ತಗೊಂಡ ಫೋನ್ ಎಷ್ಟು ವರ್ಷ ಬರುತ್ತದೆ? ಅದನ್ನು ತೀರ್ಮಾನ ಮಾಡುವವರು ಯಾರು?

ಕಳೆದ ಮೂರ್ನಾಲ್ಕು ವರ್ಷಗಳಲ್ಲಿ ಸ್ಮಾರ್ಟ್‌ಫೋನ್‌ಗಳಲ್ಲಿ ಬಹಳ ಬದಲಾವಣೆ ಆಗಿದೆ. ಮಡಚುವ ಪರದೆ ಮೊದಲೇ ಬಂದಿತ್ತು. ಎರಡು ಕಡೆ ಮಡಚುವ ಪರದೆಯೂ ಬಂತು. ಎಐ, ಅಂದರೆ ಕೃತಕ ಬುದ್ಧಿಮತ್ತೆ, ಬಂತು. 6 ಮಿಲಿಮೀಟರಿಗಿಂತ ತೆಳ್ಳಗಿನ ಫೋನ್‌ಗಳು ಬಂದವು. ಜಾಹೀರಾತಿನಲ್ಲಿ ಕಾಣುವುದು ಇವೇ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮಾತ್ರ ಜಾಹೀರಾತಿನ ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆ ಎನ್ನುವ ಮಾತು ಅದು.

ಮೊದಲು ಒಂದು ಕೆಲಸ ಮಾಡೋಣ. ನಿಮ್ಮ ಫೋನ್ ಈಗಲೇ ಹೊರಗೆ ತೆಗೆಯಿರಿ. ಸೆಟ್ಟಿಂಗ್ಸ್‌ಗೆ ಹೋಗಿ. ‘ಅಬೌಟ್ ಫೋನ್’ ಅಂತ ಇರುತ್ತದೆ. ಅದರಲ್ಲಿ ಆಂಡ್ರಾಯ್ಡ್ ಆವೃತ್ತಿ ಒತ್ತಿದರೆ ಸೆಕ್ಯುರಿಟಿ ಅಪ್‌ಡೇಟ್ ಅಂತ ಒಂದು ದಿನಾಂಕ ಕಾಣುತ್ತದೆ. ಕಳ್ಳರು ಫೋನಿಗೆ ನುಗ್ಗಲು ಬಳಸುವ ದೋಷಗಳನ್ನು ಯಾವಾಗಿನವರೆಗೆ ಸರಿಪಡಿಸಿದ್ದಾರೆ ಅಂತ ಅದು ಹೇಳುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ ಜಾಗ ಸ್ವಲ್ಪ ಬೇರೆ ಇರಬಹುದು, ಹುಡುಕಿದರೆ ಸಿಗುತ್ತದೆ. ಆ ದಿನಾಂಕ ಕಳೆದ ಎರಡು-ಮೂರು ತಿಂಗಳಿನದ್ದಾದರೆ ಚಿಂತೆ ಇಲ್ಲ. ಒಂದು ವರ್ಷಕ್ಕಿಂತ ಹಳೆಯದಾದರೆ ನಾನು ಈಗ ಹೇಳುವುದು ನಿಮಗೇ.

(ಸಭೆಯಲ್ಲಿ ಎರಡು ವರ್ಷ ಹಿಂದಿನ ದಿನಾಂಕ ಕಂಡವರೂ ಇದ್ದರು. ಅವರ ಫೋನ್ ನೋಡಲು ಹೊಸದರ ಹಾಗೇ ಇತ್ತು.)

ಒಂದು ಫೋನಿಗೆ ಅಪ್‌ಡೇಟ್ ಬರಬೇಕಾದರೆ ಮೂರು ಕೈ ದಾಟಿ ಬರಬೇಕು. ಮೊದಲು ಗೂಗಲ್ ಹೊಸ ಆಂಡ್ರಾಯ್ಡ್ ಬಿಡುಗಡೆ ಮಾಡುತ್ತದೆ. ಆಮೇಲೆ ಚಿಪ್ ಮಾಡಿದವರು, ಅಂದರೆ ಕ್ವಾಲ್‌ಕಾಮ್ ಅಥವಾ ಮೀಡಿಯಾಟೆಕ್‌ನಂಥವರು, ತಮ್ಮ ಚಿಪ್‌ಗೆ ಬೇಕಾದ ಡ್ರೈವರ್‌ಗಳನ್ನು, ಅಂದರೆ ಆಂಡ್ರಾಯ್ಡ್‌ಗೂ ಚಿಪ್‌ಗೂ ನಡುವೆ ಮಾತು ಸಾಗಿಸುವ ತಂತ್ರಾಂಶಗಳನ್ನು, ಅದಕ್ಕೆ ಹೊಂದಿಸಿ ಕೊಡಬೇಕು. ಕೊನೆಗೆ ಫೋನ್ ಕಂಪನಿ ಅದನ್ನು ತನ್ನ ಮಾಡೆಲ್‌ಗೆ ಅಳವಡಿಸಿ, ಪರೀಕ್ಷೆ ಮಾಡಿ ಕಳಿಸಬೇಕು. ಮಧ್ಯದವರು ‘ಈ ಚಿಪ್ ಹಳೆಯದಾಯಿತು, ಇನ್ನು ಆಗಲ್ಲ’ ಅಂದರೆ ಫೋನ್ ಕಂಪನಿಗೆ ಮನಸ್ಸಿದ್ದರೂ ಮುಂದೆ ಹೋಗುವುದು ಬಹಳ ಕಷ್ಟ. ಹಳೆಯ ಫೋನ್‌ಗಳು ಎರಡೇ ವರ್ಷಕ್ಕೆ ನಿಂತುಹೋಗುತ್ತಿದ್ದುದಕ್ಕೆ ಇದೇ ದೊಡ್ಡ ಕಾರಣ.

ಇದನ್ನು ಸರಿಮಾಡಲು ಗೂಗಲ್‌ಗೆ ಬಹಳ ವರ್ಷ ಹಿಡಿಯಿತು. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಪ್ರಾಜೆಕ್ಟ್ ಟ್ರೆಬಲ್ ಬಂತು. ಆಂಡ್ರಾಯ್ಡ್ ಭಾಗವನ್ನೂ ಚಿಪ್‌ನ ಡ್ರೈವರ್ ಭಾಗವನ್ನೂ ಬೇರೆ ಬೇರೆ ಮಾಡಿದರು. ಒಂದನ್ನು ಬದಲಿಸಿದರೆ ಇನ್ನೊಂದನ್ನು ಮುಟ್ಟಬೇಕಿಲ್ಲ ಎನ್ನುವುದು ಅದರ ಉದ್ದೇಶ. 2019ರಲ್ಲಿ ಆಂಡ್ರಾಯ್ಡ್ 10ರ ಜೊತೆ ಪ್ರಾಜೆಕ್ಟ್ ಮೇನ್‌ಲೈನ್ ಬಂತು. ಆಗಿನಿಂದ ವ್ಯವಸ್ಥೆಯ ಕೆಲವು ತುಂಡುಗಳನ್ನು ಪ್ಲೇ ಸ್ಟೋರ್ ಮೂಲಕವೇ ನೇರವಾಗಿ ಸರಿಪಡಿಸಲು ಆಗುತ್ತದೆ. ಈ ತಳಪಾಯ ಹಾಕಿದ ಮೇಲೆ 2023ರ ಅಕ್ಟೋಬರ್‌ನಲ್ಲಿ ಗೂಗಲ್‌ನದೇ ಫೋನ್ ಪಿಕ್ಸೆಲ್ 8 ಬಂತು, 7 ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂದರು. ಮೂರೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೂ 7 ವರ್ಷದ ಮಾತು ಕೊಟ್ಟಿತು. 2025ರಲ್ಲಿ ಕ್ವಾಲ್‌ಕಾಮ್ ಮತ್ತು ಗೂಗಲ್ ಸೇರಿ, ಸ್ನಾಪ್‌ಡ್ರಾಗನ್ 8 ಎಲೈಟ್ ಚಿಪ್‌ನಿಂದ ಶುರುಮಾಡಿ 8 ವರ್ಷದವರೆಗೆ ಚಿಪ್‌ಗೆ ಬೆಂಬಲ ಕೊಡುವ ವ್ಯವಸ್ಥೆ ಮಾಡಿಕೊಂಡವು. ಆ ಮಧ್ಯದ ಕೈ ಇತ್ತಲ್ಲ, ಅದೂ ಈಗ ಒಪ್ಪಿಕೊಂಡಿದೆ ಅಂತಾಯಿತು.

ಇದು ನಿಜಕ್ಕೂ ಸಂತೋಷದ ವಿಷಯ. ಆದರೆ ಈ ವರ್ಷಗಳೆಲ್ಲ ಯಾರಿಗೆ ಸಿಗುತ್ತಿವೆ ಅಂತ ನೋಡಿ. 70-80 ಸಾವಿರದ ಫೋನ್ ತಗೊಂಡವರಿಗೆ 7 ವರ್ಷ. 10-12 ಸಾವಿರದ ಫೋನ್ ತಗೊಂಡವರಿಗೆ ಬಹಳ ಸಲ ಎರಡು ಆಂಡ್ರಾಯ್ಡ್ ಆವೃತ್ತಿ, ಮೂರ್ನಾಲ್ಕು ವರ್ಷದ ಸೆಕ್ಯುರಿಟಿ ಅಪ್‌ಡೇಟ್. ದುಬಾರಿ ಫೋನ್ ಕೊಳ್ಳುವವರು ಹೇಗೂ ಎರಡು-ಮೂರು ವರ್ಷಕ್ಕೆ ಬದಲಿಸುತ್ತಾರೆ. ಒಂದೇ ಫೋನನ್ನು ಐದಾರು ವರ್ಷ ಎಳೆಯಬೇಕಾದವರು ಕಡಿಮೆ ಬೆಲೆಯ ಫೋನ್ ಕೊಂಡವರು. ಆಯಸ್ಸು ಬೇಕಾದವರಿಗೇ ಆಯಸ್ಸು ಕೊಡುತ್ತಿಲ್ಲ. ಇದು ಅನ್ಯಾಯ ಅಂತ ನಾನು ಹೇಳುತ್ತೇನೆ.

ಕಡಿಮೆ ಬೆಲೆಗೆ ಇದು ಆಗುವುದೇ ಇಲ್ಲ ಅನ್ನುವ ಮಾತನ್ನು ಒಪ್ಪಬೇಡಿ. 2024ರ ಅಕ್ಟೋಬರ್‌ನಲ್ಲಿ ಇಲ್ಲಿ 20 ಸಾವಿರದ ಒಳಗೇ ಬಂದ ಗ್ಯಾಲಕ್ಸಿ ಎ16 5ಜಿ ಫೋನಿಗೆ 6 ಆಂಡ್ರಾಯ್ಡ್ ಆವೃತ್ತಿ, 6 ವರ್ಷ ಸೆಕ್ಯುರಿಟಿ ಅಪ್‌ಡೇಟ್ ಅಂತ ಮಾತು ಕೊಟ್ಟಿದ್ದಾರೆ. ಒಂದು ಕಂಪನಿ ಒಂದು ಮಾಡೆಲ್‌ಗೆ ಕೊಡಬಹುದಾದರೆ ಉಳಿದವರೂ ಕೊಡಬಹುದು. ನಾವು ಕೇಳಬೇಕು ಅಷ್ಟೆ.

‘ಅಪ್‌ಡೇಟ್ ಬರದಿದ್ದರೆ ಏನಾಯಿತು, ಫೋನ್ ನಡೀತಾ ಇದೆಯಲ್ಲ’ ಅಂತ ಕೇಳುವವರು ಬಹಳ ಜನ. ಐದು ವರ್ಷದ ಹಿಂದೆ ಆ ಮಾತಿಗೆ ಸ್ವಲ್ಪ ಬೆಲೆ ಇತ್ತು. ಈಗ ಇಲ್ಲ. ಯಾಕೆಂದರೆ ಈಗ ಫೋನ್ ನಡೆದರೆ ಸಾಲದು, ಆ್ಯಪ್‌ಗಳೂ ಅದನ್ನು ಒಪ್ಪಬೇಕು. ವಾಟ್ಸ್‌ಆ್ಯಪ್ 2025ರ ಜನವರಿಯಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನ್‌ಗಳನ್ನು ಬಿಟ್ಟಿತು. ಅದು ಬಹಳ ಹಳೆಯ ಆವೃತ್ತಿ, ಬಿಡಿ. ನಿಜವಾದ ಬಿಸಿ ತಟ್ಟುವುದು ಬೇರೆ ಕಡೆ. ಪ್ಲೇ ಇಂಟೆಗ್ರಿಟಿ ಅಂತ ಗೂಗಲ್‌ನ ಒಂದು ವ್ಯವಸ್ಥೆ ಇದೆ. ಬ್ಯಾಂಕ್‌ನಂಥ ಆ್ಯಪ್‌ಗಳು ಅದರ ಮೂಲಕ ‘ಈ ಫೋನನ್ನು ನಂಬಬಹುದಾ’ ಅಂತ ಕೇಳಬಹುದು. 2025ರ ಮೇ ತಿಂಗಳಿಂದ ಅದರ ನಿಯಮ ಬಿಗಿಯಾಗಿದೆ. ಆಂಡ್ರಾಯ್ಡ್ 13 ಮತ್ತು ಅದಕ್ಕಿಂತ ಹೊಸ ಫೋನ್‌ಗಳಲ್ಲಿ, ಕಳೆದ ಒಂದು ವರ್ಷದಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಬಂದಿದ್ದರೆ ಮಾತ್ರ ಅತ್ಯಂತ ಗಟ್ಟಿ ಮಟ್ಟದ ಒಪ್ಪಿಗೆ ಸಿಗುತ್ತದೆ. ಯಾವ ಆ್ಯಪ್ ಯಾವ ಮಟ್ಟ ಕೇಳುತ್ತದೆ ಎನ್ನುವುದು ಆ ಆ್ಯಪ್ ಮಾಡಿದವರಿಗೆ ಬಿಟ್ಟದ್ದು. ಆದರೆ ದಾರಿ ಎತ್ತ ಹೋಗುತ್ತಿದೆ ಅಂತ ಗೊತ್ತಾಗುತ್ತದೆ ಅಲ್ವಾ? ಅದಕ್ಕೇ ಆ ದಿನಾಂಕ ನೋಡಿ ಅಂದಿದ್ದು.

ಬೆಂಗಳೂರಿನಲ್ಲಿ ಇದು ಸಣ್ಣ ವಿಷಯವಲ್ಲ. ಸೊಪ್ಪು ಮಾರುವವರ ಗಾಡಿಯ ಮೇಲೂ ಕ್ಯೂಆರ್ ಕೋಡ್ ಇದೆ. ಮೆಟ್ರೋ ಟಿಕೆಟ್ ವಾಟ್ಸ್‌ಆ್ಯಪ್‌ನಲ್ಲಿ 2022ರ ನವೆಂಬರ್‌ನಿಂದಲೇ ಸಿಗುತ್ತಿದೆ. ಅದೇ ತಿಂಗಳು ನಮ್ಮ ಯಾತ್ರಿ ಆ್ಯಪ್ ಶುರುವಾಯಿತು. ಆಟೋ ಚಾಲಕರ ಸಂಘವೇ ಕೈಜೋಡಿಸಿ ಮಾಡಿದ, ಪ್ರತಿ ಸವಾರಿಗೆ ಕಮಿಷನ್ ಹಿಡಿಯದ ಆ್ಯಪ್ ಅದು. ದೇಶದ ಲೆಕ್ಕ ನೋಡಿದರೆ 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟು 2000 ಕೋಟಿ ದಾಟಿತು. ಫೋನ್ ನಿಂತರೆ ಇವೆಲ್ಲ ನಿಲ್ಲುತ್ತವೆ.

ಫೋನ್ ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ ಆಟೋ ಚಾಲಕರ ಫೋನ್ ನೋಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಪರದೆ ಆರುವುದಿಲ್ಲ. ಬೆಳಕು ಪೂರ್ತಿ ಏರಿಸಿರುತ್ತಾರೆ. ಮ್ಯಾಪ್ ಓಡುತ್ತಿರುತ್ತದೆ, ಚಾರ್ಜರ್ ಚುಚ್ಚಿರುತ್ತದೆ, ಮೇಲಿಂದ ಮಾರ್ಚ್ ತಿಂಗಳ ಬಿಸಿಲು. ಲಿಥಿಯಂ ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಪರಿಸ್ಥಿತಿ ಇಲ್ಲ. ಬಿಸಿಯಲ್ಲಿ, ಅದೂ ಪೂರ್ತಿ ಚಾರ್ಜ್ ಆಗಿ ಕೂತಾಗ, ಒಳಗಿನ ರಾಸಾಯನಿಕಗಳು ಬೇಗ ಹಾಳಾಗುತ್ತವೆ. ವರ್ಷ ತುಂಬುವುದರೊಳಗೆ ‘ಬ್ಯಾಟರಿ ಉಬ್ಬಿದೆ ಸಾರ್’ ಅನ್ನುವ ಮಾತು ಬರುವುದು ಹೀಗೆ. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಬಳಸಬೇಡಿ, ಒತ್ತಿ ಮುಚ್ಚಲು ಹೋಗಬೇಡಿ. ಬೈಕ್ ಹ್ಯಾಂಡಲ್‌ಗೆ ಫೋನ್ ಕಟ್ಟುವ ಹುಡುಗರಿಗೂ ಒಂದು ಮಾತು. ಎಂಜಿನ್ ನಡುಕದಿಂದ ಕ್ಯಾಮೆರಾ ಒಳಗಿನ ಸ್ಥಿರಗೊಳಿಸುವ ಭಾಗ ಹಾಳಾಗಬಹುದು ಅಂತ ಆ್ಯಪಲ್ 2021ರಲ್ಲೇ ಎಚ್ಚರಿಸಿದೆ. ನಡುಕ ಹೀರುವ ಮೌಂಟ್ ಸಿಗುತ್ತದೆ, ಅದನ್ನು ಹಾಕಿಸಿ.

ಈಗ ಬ್ಯಾಟರಿಯಲ್ಲಿ ಬಂದಿರುವ ಹೊಸದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನನಗೆ ಈ ಕಾಲದ ಹಾರ್ಡ್‌ವೇರ್‌ನಲ್ಲಿ ಬಹಳ ಇಷ್ಟವಾದ ಭಾಗ ಇದು.

ಬಹಳ ವರ್ಷ ನಮ್ಮ ಫೋನ್‌ಗಳ ಬ್ಯಾಟರಿ 5000 ಎಂಎಎಚ್ ಹತ್ತಿರವೇ ನಿಂತಿತ್ತು. ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವುದರ ಅಳತೆ ಎಂಎಎಚ್. ಬ್ಯಾಟರಿಯ ಒಂದು ಬದಿಯಲ್ಲಿ ಗ್ರಾಫೈಟ್ ಇರುತ್ತದೆ. ಚಾರ್ಜ್ ಮಾಡಿದಾಗ ಲಿಥಿಯಂ ಅಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಅದೇ ತೂಕದ ಸಿಲಿಕಾನ್ ಹಾಕಿದರೆ ಗ್ರಾಫೈಟ್‌ಗಿಂತ ಸುಮಾರು ಹತ್ತು ಪಟ್ಟು ಲಿಥಿಯಂ ಹಿಡಿಯುತ್ತದೆ. ಇದು ವಿಜ್ಞಾನಿಗಳಿಗೆ ಹಿಂದಿನಿಂದಲೂ ಗೊತ್ತಿತ್ತು. ತೊಂದರೆ ಏನೆಂದರೆ, ಲಿಥಿಯಂ ಸೇರಿದಾಗ ಸಿಲಿಕಾನ್ ಮೂರು ಪಟ್ಟಿನಷ್ಟು ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಸಿಲಿಕಾನ್‌ನ ಅತಿ ಸಣ್ಣ ಕಣಗಳನ್ನು ಇಂಗಾಲದ ಜಾಲದೊಳಗೆ ಕೂರಿಸಿ, ಹಿಗ್ಗಲು ಜಾಗ ಬಿಟ್ಟದ್ದೇ ಇದಕ್ಕೆ ಸಿಕ್ಕ ಉಪಾಯ. ಇದನ್ನೇ ಸಿಲಿಕಾನ್-ಕಾರ್ಬನ್ ಬ್ಯಾಟರಿ ಅನ್ನುತ್ತಾರೆ. 2023ರಲ್ಲಿ ಚೀನಾದಲ್ಲಿ ಆನರ್ ಕಂಪನಿಯ ಫೋನಿನಲ್ಲಿ ಬಂತು. 2025ರ ಶುರುವಿನಲ್ಲಿ ಭಾರತಕ್ಕೆ ಬಂದ ಒನ್‌ಪ್ಲಸ್ 13ರಲ್ಲಿ 6000 ಎಂಎಎಚ್ ಇತ್ತು. ಅದೇ ವರ್ಷದ ಕೊನೆಗೆ ಬಂದ ಒನ್‌ಪ್ಲಸ್ 15ರಲ್ಲಿ 7300. ಫೋನಿನ ದಪ್ಪ ಹೆಚ್ಚೇನೂ ಬದಲಾಗಲಿಲ್ಲ.

ಅಂಗಡಿಯಲ್ಲಿ ಇದನ್ನು ‘ಎರಡು ದಿನ ಚಾರ್ಜ್ ಬರುತ್ತೆ’ ಅಂತ ಮಾರುತ್ತಾರೆ. ನಾನು ಇದನ್ನು ವರ್ಷದ ಲೆಕ್ಕದಲ್ಲಿ ನೋಡುತ್ತೇನೆ. ಬ್ಯಾಟರಿ ಹಳೆಯದಾಗುವುದನ್ನು ಸೈಕಲ್‌ಗಳಲ್ಲಿ ಅಳೆಯುತ್ತಾರೆ. ಒಟ್ಟು ಸೇರಿ 100% ಬಳಸಿದರೆ ಒಂದು ಸೈಕಲ್. 800 ಸೈಕಲ್ ಆದ ಮೇಲೆ 80% ಸಾಮರ್ಥ್ಯ ಉಳಿಯುವ ಬ್ಯಾಟರಿ ಅಂತ ಇಟ್ಟುಕೊಳ್ಳಿ. ದಿನಕ್ಕೆ ನೀವು 3500 ಎಂಎಎಚ್ ಖರ್ಚು ಮಾಡುತ್ತೀರಿ ಅಂದುಕೊಳ್ಳೋಣ. 5000ದ ಬ್ಯಾಟರಿಯಾದರೆ ಅದು ದಿನಕ್ಕೆ 0.7 ಸೈಕಲ್. ಸುಮಾರು 3 ವರ್ಷಕ್ಕೆ 800 ಮುಗಿಯುತ್ತದೆ. 7000ದ ಬ್ಯಾಟರಿಯಾದರೆ ದಿನಕ್ಕೆ ಅರ್ಧ ಸೈಕಲ್. 4 ವರ್ಷ ದಾಟುತ್ತದೆ. ಆಗಲೂ ಉಳಿಯುವ 80% ಅಂದರೆ 5600, ಇವತ್ತಿನ ಬಹಳ ಹೊಸ ಫೋನ್‌ಗಳಿಗಿಂತ ಜಾಸ್ತಿ. ದೊಡ್ಡ ಬ್ಯಾಟರಿ ದಿನಕ್ಕಿಂತ ವರ್ಷಕ್ಕೆ ಹೆಚ್ಚು ಉಪಯೋಗ. ಇದರ ಜೊತೆ ಸೆಟ್ಟಿಂಗ್ಸ್‌ನಲ್ಲಿ 80%ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಈಗ ಬಹಳ ಫೋನ್‌ಗಳಲ್ಲಿದೆ. ಮನೆಯಲ್ಲೋ ಆಫೀಸಿನಲ್ಲೋ ಇಡೀ ದಿನ ಚಾರ್ಜರ್ ಪಕ್ಕದಲ್ಲೇ ಇರುವವರು ಅದನ್ನು ಆನ್ ಮಾಡಿಡಿ.

ಇನ್ನು ‘ಫೋನ್ ಹ್ಯಾಂಗ್ ಆಗುತ್ತೆ’ ಎನ್ನುವ ದೂರು. ಎಲ್ಲರೂ ಪ್ರೊಸೆಸರ್ ಬೈಯುತ್ತಾರೆ. ಪ್ರೊಸೆಸರ್‌ಗಳು ನಮ್ಮ ದಿನದ ಕೆಲಸವನ್ನು ಯಾವಾಗಲೋ ಮೀರಿ ಬೆಳೆದಿವೆ. ಅವುಗಳ ವಿನ್ಯಾಸದ ಕೆಲಸ ನಮ್ಮ ಊರಲ್ಲೂ ನಡೆಯುತ್ತದೆ. ಕ್ವಾಲ್‌ಕಾಮ್, ಮೀಡಿಯಾಟೆಕ್, ಸ್ಯಾಮ್‌ಸಂಗ್ ಮೂರಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಚೇರಿಗಳಿವೆ. ಕಡಿಮೆ ಬೆಲೆಯ ಫೋನ್ ನಿಧಾನವಾಗಲು ಬಹಳ ಸಲ ಕಾರಣ ಸ್ಟೋರೇಜ್, ಅಂದರೆ ಆ್ಯಪ್, ಫೋಟೋ, ವಿಡಿಯೋ ಎಲ್ಲ ಉಳಿಯುವ ಜಾಗ. ಅದರಲ್ಲಿ ಎರಡು ಬಗೆ. ಹಳೆಯದು ಇಎಂಎಂಸಿ, ಹೊಸದು ಯುಎಫ್‌ಎಸ್. ಇಎಂಎಂಸಿ ಚಿಕ್ಕಪೇಟೆಯ ಸಣ್ಣ ಗಲ್ಲಿ ಇದ್ದ ಹಾಗೆ. ಒಂದು ಕಡೆಯ ಗಾಡಿ ಪೂರ್ತಿ ದಾಟಿದ ಮೇಲೇ ಎದುರು ಗಾಡಿ ಬರಬೇಕು. ಓದುವಾಗ ಬರೆಯಲು ಆಗುವುದಿಲ್ಲ, ಬರೆಯುವಾಗ ಓದಲು ಆಗುವುದಿಲ್ಲ. ಯುಎಫ್‌ಎಸ್‌ನಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ವಾಟ್ಸ್‌ಆ್ಯಪ್‌ನ ಗುಡ್ ಮಾರ್ನಿಂಗ್ ವಿಡಿಯೋಗಳು ತುಂಬಿದ ಇಎಂಎಂಸಿ ಫೋನ್ ಎಷ್ಟು ನಿಧಾನ ಆಗುತ್ತದೆ ಅಂತ ಮನೆಯಲ್ಲಿ ಹಿರಿಯರಿದ್ದವರಿಗೆಲ್ಲ ಗೊತ್ತು. ಫೋನ್ ಕೊಳ್ಳುವಾಗ ‘ಸ್ಟೋರೇಜ್ ಯುಎಫ್‌ಎಸ್ ತಾನೇ?’ ಅಂತ ಒಂದು ಮಾತು ಕೇಳಿ.

ಅಂಗಡಿ ಬೋರ್ಡಿನಲ್ಲಿ ‘8 ಪ್ಲಸ್ 8 ಜಿಬಿ ರ್‍ಯಾಮ್’ ಅಂತ ಬರೆದಿರುತ್ತಾರೆ. ರ್‍ಯಾಮ್ ಅಂದರೆ ಫೋನ್ ಆ ಹೊತ್ತಿನ ಕೆಲಸಕ್ಕೆ ಬಳಸುವ ವೇಗದ ಮೆಮೊರಿ. ಎರಡನೇ 8 ರ್‍ಯಾಮ್ ಅಲ್ಲ. ಸ್ಟೋರೇಜ್‌ನ ಒಂದು ಭಾಗವನ್ನು ರ್‍ಯಾಮ್ ಥರ ಬಳಸುವುದು. ಅದು ರ್‍ಯಾಮ್‌ಗಿಂತ ಬಹಳ ನಿಧಾನ. ಮೊದಲನೇ ಸಂಖ್ಯೆ ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಿ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಜೋರಾಗಿ ಏರಿದೆ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರು ಕಂಪನಿಗಳೇ ಜಗತ್ತಿನ ಹೆಚ್ಚಿನ ರ್‍ಯಾಮ್ ಮಾಡುವುದು. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಜಾಸ್ತಿ, ಹಾಗಾಗಿ ತಯಾರಿಕೆ ಅತ್ತ ತಿರುಗಿದೆ. ಎಲ್ಲೋ ದೂರದ ಸರ್ವರ್‌ಗಾಗಿ ನಮ್ಮ 12 ಸಾವಿರದ ಫೋನಿನ ರ್‍ಯಾಮ್‌ಗೆ ಕತ್ತರಿ ಬೀಳುವ ಕಾಲ ಇದು. ಇರುವ ಫೋನನ್ನು ಇನ್ನೊಂದು ವರ್ಷ ಓಡಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಎಐ ಬಗ್ಗೆ ಮಾತಾಡದೆ ಇರಲು ಆಗುವುದಿಲ್ಲ. ನಾನು ಕನ್ನಡದ ಕಡೆಯಿಂದ ಮಾತಾಡುತ್ತೇನೆ.

ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರ ಸರಿಯಾಗಿ ಕಾಣಲು 2012ರ ಆಂಡ್ರಾಯ್ಡ್ 4.1 ಬರಬೇಕಾಯಿತು. ಅದಕ್ಕೆ ಮುಂಚೆ ಬಹಳ ಫೋನ್‌ಗಳಲ್ಲಿ ಕನ್ನಡ ಅಂದರೆ ಬರೀ ಚೌಕ ಚೌಕ. ಐಫೋನಿಗೆ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಅದಕ್ಕೂ ಬಹಳ ಹಿಂದೆ ಕೆ.ಪಿ. ರಾವ್ ಅವರು ಧ್ವನಿಯ ಆಧಾರದ ಮೇಲೆ ಕನ್ನಡ ಕೀಲಿಮಣೆ ರೂಪಿಸಿದ್ದರು. ಅವರು ಹಾಕಿದ ದಾರಿಯಲ್ಲೇ ನಮ್ಮ ಎಷ್ಟೋ ಜನ ಇವತ್ತೂ ಟೈಪ್ ಮಾಡುತ್ತಾರೆ. ಅಲ್ಲಿಂದ ಇಲ್ಲಿಗೆ ಬಂದ ದೂರ ನೋಡಿದರೆ ಸಂತೋಷವಾಗುತ್ತದೆ. 2024ರಲ್ಲಿ, ಪ್ರಶ್ನೆ ಕೇಳಿದರೆ ಉತ್ತರಿಸುವ ಗೂಗಲ್‌ನ ಎಐ ಆ್ಯಪ್ ಜೆಮಿನಿ ಕನ್ನಡದಲ್ಲೂ ಬಂತು. ಅದೇ ವರ್ಷ ಅದರ ಜೊತೆ ಬಾಯಲ್ಲಿ ಕನ್ನಡ ಮಾತಾಡುವುದೂ ಸಾಧ್ಯವಾಯಿತು.

ಇದರ ಹಿಂದಿನ ಕೆಲಸದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿನ ಎಐ ಮತ್ತು ರೊಬಾಟಿಕ್ಸ್ ಕೇಂದ್ರ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ‘ವಾಣಿ’ ಎನ್ನುವ ಯೋಜನೆ ನಡೆಸುತ್ತಿವೆ. ದೇಶದ 773 ಜಿಲ್ಲೆಗಳಿಂದ ಜನ ಮಾತಾಡುವ ಧ್ವನಿ ಸಂಗ್ರಹಿಸುವುದು ಅದರ ಗುರಿ. ಭಾಷೆಗೆ ಬದಲು ಜಿಲ್ಲೆಯನ್ನು ಹಿಡಿದು ಹೊರಟಿದ್ದಾರೆ. ಅದು ಬಹಳ ಸರಿ ಅಂತ ನನಗನ್ನಿಸುತ್ತದೆ. ಯಾಕೆಂದರೆ ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ಮೂರೂ ಬೇರೆ ಬೇರೆ ಕೇಳುತ್ತವೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಓದಿಸಿದ ಕನ್ನಡವನ್ನಷ್ಟೇ ಕಲಿತ ಯಂತ್ರಕ್ಕೆ ‘ಏನ್ ಮಾಡಾಕತ್ತಿ’ ಅಂದರೆ ಅರ್ಥವಾಗುವುದಿಲ್ಲ. ಓದಲು ಬರೆಯಲು ಕಷ್ಟಪಡುವವರಿಗೆ ಫೋನ್ ನಿಜವಾಗಿ ಉಪಯೋಗ ಆಗುವುದು ಅವರ ಬಾಯಿಮಾತು ಅದಕ್ಕೆ ತಿಳಿದಾಗ. ಹಣ ಕಳಿಸುವುದು, ಪಹಣಿ ನೋಡುವುದು, ಆಸ್ಪತ್ರೆ ಚೀಟಿಯಲ್ಲಿ ಏನಿದೆ ಅಂತ ಕೇಳುವುದು, ಎಲ್ಲಕ್ಕೂ ಅದೇ ಬಾಗಿಲು.

ಈಗ ಅಂಗಡಿಗಳಲ್ಲಿ ‘ಎಐ ಫೋನ್’ ಅಂತ ಮಾರುತ್ತಾರೆ. ಎರಡು ರೀತಿಯ ಎಐ ಇದೆ. ಒಂದು, ನಿಮ್ಮ ಮಾತು ಇಂಟರ್ನೆಟ್ ಮೂಲಕ ದೂರದ ಸರ್ವರ್‌ಗೆ ಹೋಗಿ ಉತ್ತರ ಬರುವುದು. ಇದಕ್ಕೆ ಹೊಸ ಫೋನ್ ಬೇಕಿಲ್ಲ. ಮೂರು ವರ್ಷದ ಹಳೆಯ ಫೋನಿನಲ್ಲೂ ನಡೆಯುತ್ತದೆ. ಇನ್ನೊಂದು, ಫೋನಿನ ಒಳಗೇ ಎಲ್ಲ ಕೆಲಸ ನಡೆಯುವುದು. ಗೂಗಲ್‌ನ ಜೆಮಿನಿ ನ್ಯಾನೋ 2023ರ ಡಿಸೆಂಬರ್‌ನಲ್ಲಿ ಪಿಕ್ಸೆಲ್ 8 ಪ್ರೊಗೆ ಬಂದದ್ದು ಹೀಗೆ. 2024ರಲ್ಲಿ ಬಂದ ಆ್ಯಪಲ್ ಇಂಟೆಲಿಜೆನ್ಸ್‌ಗೆ 8 ಜಿಬಿ ರ್‍ಯಾಮ್ ಬೇಕು, ಅದಕ್ಕೇ ಐಫೋನ್ 15 ಪ್ರೊಗಿಂತ ಹಿಂದಿನ ಫೋನ್‌ಗಳಿಗೆ ಅದು ಸಿಗಲಿಲ್ಲ. ಫೋನಿನ ಒಳಗೇ ನಡೆದರೆ ನಿಮ್ಮ ಮಾತು ಹೊರಗೆ ಹೋಗುವುದಿಲ್ಲ, ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಆಗುತ್ತದೆ. ಇದು ಒಳ್ಳೆಯದೇ. ಆದರೆ ಫೋನಿನಲ್ಲಿ ಹಿಡಿಸುವ ಸಣ್ಣ ಎಐ ಮಾದರಿಗಳಿಗೆ ಕನ್ನಡ ಕಷ್ಟ. ಅವುಗಳ ಕಲಿಕೆಯಲ್ಲಿ ಕನ್ನಡ ಬಹಳ ಕಡಿಮೆ. ಜೊತೆಗೆ ಇಂಗ್ಲಿಷ್ ಅಕ್ಷರ ಕಂಪ್ಯೂಟರ್ ಲೆಕ್ಕದ 1 ಬೈಟ್ ಜಾಗದಲ್ಲಿ ಕೂತರೆ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒತ್ತಕ್ಷರ ಇದ್ದರೆ ಇನ್ನೂ ಜಾಸ್ತಿ. ಕನ್ನಡದ ಪದಗಳು ಹೆಚ್ಚು ಚೂರುಗಳಾಗಿ ಒಡೆಯುತ್ತವೆ. ಅದೇ ವಾಕ್ಯಕ್ಕೆ ಹೆಚ್ಚು ಕೆಲಸ, ಹೆಚ್ಚು ಸಮಯ.

ಅಂಗಡಿಯಲ್ಲಿ ನಿಂತು ಪರೀಕ್ಷೆ ಮಾಡಲು ಸುಲಭದ ದಾರಿ ಇದೆ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ವೈಫೈ ಆಫ್ ಮಾಡಿ. ಆಮೇಲೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ. ಒಂದು ಪ್ಯಾರಾ ಕೊಟ್ಟು ಸಾರಾಂಶ ಕೇಳಿ. ಏನೂ ನಡೆಯದಿದ್ದರೆ, ಆ ಎಐ ಹೆಸರಿನಲ್ಲಿ ಅವರು ಕೇಳುತ್ತಿರುವ ಹೆಚ್ಚಿನ ದುಡ್ಡು ನಮ್ಮ ಭಾಷೆಗೆ ಏನೂ ಕೊಡುತ್ತಿಲ್ಲ ಅಂತ ಅರ್ಥ. ಸುಮ್ನೆ ಬಂದುಬಿಡಬೇಡಿ. ‘ಕನ್ನಡದಲ್ಲಿ ಯಾವಾಗ ಬರುತ್ತದೆ?’ ಅಂತ ಕೇಳಿ ಬನ್ನಿ. ಅಂಗಡಿಯವರು ಈ ಪ್ರಶ್ನೆ ದಿನಕ್ಕೆ ಹತ್ತು ಸಲ ಕೇಳಿಸಿಕೊಂಡರೆ ಅದು ಮೇಲೆ ಹೋಗುತ್ತದೆ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈಗಿನ ಫೋಟೋ ಅಂದರೆ ಹಲವು ಚಿತ್ರಗಳನ್ನು ಸೇರಿಸಿ ಲೆಕ್ಕ ಹಾಕಿ ಮಾಡಿದ್ದು. 2025ರ ಪಿಕ್ಸೆಲ್ 10 ಪ್ರೊನಲ್ಲಿ 100 ಪಟ್ಟು ಜೂಮ್ ಮಾಡಿದರೆ ಕಾಣದ ವಿವರಗಳನ್ನು ಎಐ ಊಹಿಸಿ ತುಂಬುತ್ತದೆ. ಚಿತ್ರವನ್ನು ಹೇಗೆ ಮಾಡಿದ್ದು ಎನ್ನುವ ಗುರುತನ್ನು ಫೋಟೋ ಜೊತೆಗೇ ಇಡುವ ವ್ಯವಸ್ಥೆಯೂ ಅದರಲ್ಲಿದೆ. ಅದು ಎಲ್ಲ ಫೋನ್‌ಗಳಿಗೂ ಬರಲಿ. ಮಡಚುವ ಫೋನ್ ನಮ್ಮಲ್ಲಿ ಬಹಳ ಜನರ ಬಜೆಟ್ಟಿಗೆ ದೂರ. ಮುಂದೆ ಹೋಗೋಣ.

ನಮ್ಮೂರಿನ ಹೆಮ್ಮೆಯ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಫೋನ್ ದಾರಿ ಕಂಡುಹಿಡಿಯುವುದು ಅಮೆರಿಕದ ಜಿಪಿಎಸ್‌ನಿಂದ ಮಾತ್ರ ಅಲ್ಲ. ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಬಳಸಬಲ್ಲ ಫೋನ್‌ಗಳು ಈಗ ಹಲವು ಇವೆ. 2023ರ ಐಫೋನ್ 15 ಪ್ರೊನಲ್ಲೂ ಇದೆ. ನಾವಿಕ್‌ನ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹ ಎಲ್1 ತರಂಗದಲ್ಲೂ ಸಂಕೇತ ಕಳಿಸುತ್ತದೆ. ಸಾಮಾನ್ಯ ಫೋನ್‌ಗಳ ಚಿಪ್‌ಗಳು ಹಿಂದಿನಿಂದಲೂ ಕೇಳುತ್ತಿದ್ದ ತರಂಗ ಅದು, ಹಾಗಾಗಿ ಕಡಿಮೆ ಬೆಲೆಯ ಫೋನ್‌ಗಳಿಗೂ ನಾವಿಕ್ ಸಿಗುವ ದಾರಿ ಆಯಿತು.

ಕೊನೆಯದಾಗಿ ರಿಪೇರಿ. ಇಲ್ಲಿ ನನಗೆ ಸ್ವಲ್ಪ ಕೋಪವೂ ಇದೆ.

ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ ಇದೆ, ಗಾಂಧಿನಗರದಲ್ಲಿ ನ್ಯಾಷನಲ್ ಮಾರ್ಕೆಟ್ ಇದೆ. ಸೂಕ್ಷ್ಮದರ್ಶಕದ ಕೆಳಗೆ ಬೋರ್ಡ್ ಇಟ್ಟು, ಸಾಸಿವೆಗಿಂತ ಸಣ್ಣ ಭಾಗ ಬದಲಿಸುವ ಹುಡುಗರು ಅಲ್ಲಿದ್ದಾರೆ. ಅವರಿಗೆ ಎಂಜಿನಿಯರಿಂಗ್ ಪದವಿ ಇಲ್ಲದಿರಬಹುದು, ಕೈಯಲ್ಲಿ ವಿದ್ಯೆ ಇದೆ. ಆದರೆ ಹೊಸ ಫೋನ್‌ಗಳಲ್ಲಿ ಪರದೆ, ಬ್ಯಾಟರಿ, ಕ್ಯಾಮೆರಾಗಳಿಗೆ ಒಂದೊಂದು ಗುರುತು ಸಂಖ್ಯೆ ಕೊಟ್ಟು ಬೋರ್ಡಿನ ಜೊತೆ ಜೋಡಿ ಮಾಡುವುದು ಹೆಚ್ಚುತ್ತಿದೆ. ಇನ್ನೊಂದು ಫೋನಿನಿಂದ ತೆಗೆದ ಅಸಲಿ ಭಾಗ ಹಾಕಿದರೂ ‘ಇದು ಗೊತ್ತಿಲ್ಲದ ಭಾಗ’ ಅಂತ ಎಚ್ಚರಿಕೆ ಬರುತ್ತದೆ, ಕೆಲವು ಸೌಲಭ್ಯ ನಿಲ್ಲುತ್ತವೆ. ಕದ್ದ ಫೋನಿನ ಭಾಗ ಮಾರದಂತೆ ತಡೆಯಲು ಇದು ಬೇಕು ಅನ್ನುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಆದರೆ ಕದ್ದ ಭಾಗಕ್ಕೂ ಸರಿಯಾಗಿ ಕೊಂಡ ಭಾಗಕ್ಕೂ ವ್ಯತ್ಯಾಸ ಮಾಡುವುದು ಕಂಪನಿಗೆ ಕಷ್ಟವಲ್ಲ.

ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಗೆ ಬಂದಿದೆ. ಬ್ಯಾಟರಿ 800 ಸೈಕಲ್ ಆದ ಮೇಲೂ 80% ಉಳಿಯಬೇಕು. ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗ ಸಿಗಬೇಕು, ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು. ಭಾರತದಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕಂಪನಿಗಳು ಅಲ್ಲಿ ಮಾಹಿತಿ ಹಾಕುತ್ತವೆ. ಮಾಹಿತಿ ಒಳ್ಳೆಯದು, ಆದರೆ ಯುರೋಪಿನಷ್ಟು ಗಟ್ಟಿ ಕಾನೂನು ನಮಗೂ ಬೇಕು. ಅದನ್ನು ಕೇಳುವ ಹಕ್ಕು ಬೆಂಗಳೂರಿಗೆ ಇನ್ನೂ ಜಾಸ್ತಿ ಇದೆ. 2017ರಲ್ಲಿ ಪೀಣ್ಯದಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಎಸ್‌ಇ ಜೋಡಿಸಲು ಶುರುಮಾಡಿತು. ಆಮೇಲೆ ಕೋಲಾರದ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಬಂತು, 2023ರಲ್ಲಿ ಟಾಟಾ ಅದನ್ನು ಕೊಂಡಿತು. 2025ರಲ್ಲಿ ದೇವನಹಳ್ಳಿ ಹತ್ತಿರ ಫಾಕ್ಸ್‌ಕಾನ್ ಘಟಕದಲ್ಲಿ ಐಫೋನ್ 17ರ ಕೆಲಸ ಶುರುವಾಯಿತು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಆ ಫೋನ್ ಜೋಡಿಸುತ್ತಾರೆ. ಅದೇ ಫೋನಿನ ಅಸಲಿ ಪರದೆ ಎಸ್.ಪಿ. ರಸ್ತೆಯ ಅಂಗಡಿಗೆ ನ್ಯಾಯವಾದ ಬೆಲೆಗೆ ಸಿಗಬೇಕು. ಇದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಈಗ ಪ್ರಶ್ನೆಗಳು.

‘ಅಪ್ಪನ ಫೋನಿಗೆ ಅಪ್‌ಡೇಟ್ ನಿಂತಿದೆ. ಹೊಸದು ಕೊಡಿಸೋಣ ಅಂದರೆ ಅವರಿಗೆ ಹಳೆಯದೇ ರೂಢಿ. ಏನು ಮಾಡಲಿ?’ ಅಂತ ಒಬ್ಬರು ಕೇಳಿದರು.

ಹಳೆಯದು ಅವರ ಹತ್ತಿರವೇ ಇರಲಿ. ಮಾತಾಡಲು, ವಿಡಿಯೋ ನೋಡಲು, ವಾಟ್ಸ್‌ಆ್ಯಪ್‌ಗೆ ಬಳಸಲಿ. ಬ್ಯಾಂಕ್ ಆ್ಯಪ್ ಮತ್ತು ಯುಪಿಐ ಮಾತ್ರ ಅದರಿಂದ ತೆಗೆದುಬಿಡಿ. ದೊಡ್ಡ ಹಣ ಇರುವ ಖಾತೆ ಆ ಫೋನಿಗೆ ಜೋಡಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಟ್ರಾಫಿಕ್ ದಂಡ ಅಂತ ಹೇಳಿ ಎಪಿಕೆ ಫೈಲ್, ಅಂದರೆ ಆ್ಯಪ್ ಹಾಕಿಬಿಡುವ ಫೈಲ್, ಬಂದರೆ ಒತ್ತಬಾರದು ಅಂತ ಕೂರಿಸಿ ತಿಳಿಸಿ ಹೇಳಿ. ಆಮಂತ್ರಣ ಪತ್ರಿಕೆ ಎಂದೂ ಆ್ಯಪ್ ಆಗಿ ಬರುವುದಿಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆಯನ್ನು ಅವರ ಫೋನಿನಲ್ಲಿ ಇವತ್ತೇ ಉಳಿಸಿಡಿ.

‘ಹಾಳಾದ ಫೋನ್ ಎಲ್ಲಿ ಕೊಡಬೇಕು?’ ಅಂತ ಇನ್ನೊಬ್ಬರು.

ಕಸದ ಗಾಡಿಗೆ ಬೇಡ, ಬೀದಿ ಗುಜರಿಗೂ ಬೇಡ. ಒಳಗಿನ ಬ್ಯಾಟರಿ ಚುಚ್ಚಿದರೆ ಬೆಂಕಿ ಹತ್ತುತ್ತದೆ. ಅನುಮತಿ ಪಡೆದ ಇ-ತ್ಯಾಜ್ಯ ಸಂಸ್ಥೆಗಳಿಗೆ ಕೊಡಿ. ದಾಬಸ್‌ಪೇಟೆಯ ಇ-ಪರಿಸರ ಈ ಕೆಲಸದಲ್ಲಿ ದೇಶದಲ್ಲೇ ಮೊದಲಿಗರಲ್ಲಿ ಒಂದು. ಕೊಡುವ ಮುಂಚೆ ನಿಮ್ಮ ಖಾತೆಗಳಿಂದ ಲಾಗೌಟ್ ಆಗಿ, ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ.

ಕೊನೆಯ ಪ್ರಶ್ನೆ ಒಬ್ಬ ಕಾಲೇಜು ಹುಡುಗಿಯದು. ‘ಸೆಕೆಂಡ್ ಹ್ಯಾಂಡ್ ತಗೊಂಡರೆ ತಪ್ಪಾ?’

ತಪ್ಪೇನೂ ಇಲ್ಲ. 7 ವರ್ಷ ಅಪ್‌ಡೇಟ್ ಇರುವ ಫೋನನ್ನು ಮೂರನೇ ವರ್ಷದಲ್ಲಿ ಅರ್ಧ ಬೆಲೆಗೆ ಕೊಂಡರೆ ಇನ್ನೂ 4 ವರ್ಷ ಉಳಿದಿರುತ್ತದೆ. ಅದೇ ದುಡ್ಡಿಗೆ ಸಿಗುವ ಹೊಸ ಫೋನಿಗೆ ಅಷ್ಟು ವರ್ಷ ಇರದೇ ಹೋಗಬಹುದು. ಬ್ಯಾಟರಿ ಬದಲಿಸಲು ಬೇಕಾದ ದುಡ್ಡನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ದುಡ್ಡು ಕೊಡುವ ಮುಂಚೆ ಆ ಫೋನಿನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತು ಸಂಖ್ಯೆ, ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕೆ ವೈ ಎಂ ಅಂತ ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಹಾಕಿ, 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಳುವಾದ ಫೋನ್ ಅಂತ ದಾಖಲಾಗಿದ್ದರೆ ಉತ್ತರದಲ್ಲಿ ತಿಳಿಯುತ್ತದೆ. ಮಾರುವವರ ಹಳೆಯ ಖಾತೆ ಪೂರ್ತಿ ತೆಗೆದಿದ್ದಾರಾ ಅಂತ ಅವರ ಎದುರಿಗೇ ನೋಡಿ. ಬಿಲ್ ಇಲ್ಲದೆ ತಗೊಳ್ಳಬೇಡಿ.